ಅಕ್ಕೋರು ಮಗನಿಗೆ ‘ದಡ್ಡ’ ಅಂತಾರೆ, ಹೋಗಿ ಕೇಳಬಹುದಾ?

ಪ್ರಶ್ನೆ: ನಾವು ವಿಜಯಪುರದವರು. ಮಗ 2ನೇ ತರಗತಿ. ಬೋರ್ಡ್ ನೋಡಿ ಬರೆಯೋದು ತಡ ಅಂತ ಅಕ್ಕೋರು (ಟೀಚರ್) ಎಲ್ಲರ ಮುಂದೆ ‘ದಡ್ಡ’ ಅಂತಾರೆ, ಕೊನೆಯ ಸಾಲಿಗೆ ಕಳಿಸಿದ್ದಾರೆ. ಈಗ ಬೆಳಗಾದರೆ ‘ಶಾಲೆಗೆ ಒಲ್ಲೆ’ ಅಂತ ಅಳುತ್ತಾನೆ. ಕೇಳಲು ಹೋದರೆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡರೆ ಅನ್ನೋ ಭಯ. ಏನು ಮಾಡಲಿ?

ಉತ್ತರ: ಕೇಳಬಹುದು, ಕೇಳಲೇಬೇಕು. ಏಳು ವರ್ಷದ ಮಗು ಬೆಳಿಗ್ಗೆ ಎದ್ದು ಅಳುತ್ತಿದ್ದರೆ ಅದು ಸಣ್ಣ ಮಾತಲ್ಲ.

ಆದರೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಅವನ ನೋಟ್‌ಬುಕ್ ತೆಗೆದು ನೋಡಿ. ಪುಸ್ತಕ ನೋಡಿ ಬರೆದದ್ದು ಸರಿ ಇದ್ದು, ಬೋರ್ಡ್ ನೋಡಿ ಬರೆದದ್ದರಲ್ಲಿ ಮಾತ್ರ ಅಕ್ಷರ ಬಿಟ್ಟುಹೋಗಿದ್ದರೆ ಮೊದಲು ಕಣ್ಣು ತೋರಿಸಿ. ತನಗೆ ದೂರದ್ದು ಮಸುಕಾಗಿ ಕಾಣುತ್ತದೆ ಅಂತ ಇಷ್ಟು ಸಣ್ಣ ಮಗುವಿಗೆ ಗೊತ್ತೇ ಇರುವುದಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಅಂಥ ಮಗುವನ್ನು ಕೊನೆಯ ಸಾಲಿಗೆ ಕಳಿಸಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಗೇಟಿನ ಹತ್ತಿರ ಮಾತು ತೆಗೆಯಬೇಡಿ. ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಕೇಳಿ. ‘ನಮ್ಮ ಹುಡುಗ ಕ್ಲಾಸಿನಾಗ ಹೆಂಗ್ ಇರ್ತಾನ್ರೀ ಅಕ್ಕೋರ, ಎಲ್ಲಿ ತಡ ಆಗ್ತದ್ರೀ’ ಅಂತ ಶುರು ಮಾಡಿ. ಆಮೇಲೆ ‘ದಡ್ಡ’ ಅನ್ನುವ ಮಾತು ಅವನಿಗೆ ಎಷ್ಟು ಚುಚ್ಚಿದೆ ಅಂತ ನೇರವಾಗಿ ಹೇಳಿ, ಮುಂದಿನ ಸಾಲಿಗೆ ಕೂರಿಸಲು ಕೇಳಿ. ಇದೇನು ಉಪಕಾರ ಕೇಳಿದಂತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಪಾಲಕರನ್ನು ಆಗಾಗ ಕರೆದು ಮಗುವಿನ ಹಾಜರಿ, ಕಲಿಕೆ ಹೇಗಿದೆ ಅಂತ ತಿಳಿಸುವುದು ಶಿಕ್ಷಕರ ಕರ್ತವ್ಯ. ಅದೇ ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ‘ಬಡದಾದ್ರೂ ಕಲಸ್ರಿ’ ಅಂತ ಮಗುವನ್ನು ಸೇರಿಸುವ ದಿನವೇ ಹೇಳಿ ಬರುವ ಪಾಲಕರು ನಮ್ಮ ಕಡೆ ಜಾಸ್ತಿ. ಆ ಮಾತನ್ನು ನಾವು ಬಿಡದೆ ಅಕ್ಕೋರು ಹೇಗೆ ಬಿಡುತ್ತಾರೆ?

ಎರಡು ವಾರ ನೋಡಿ. ಏನೂ ಬದಲಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಯಾವ ದಿನ ಏನಾಯಿತು ಅಂತ ತಾರೀಖು ಹಾಕಿ ಬರೆಯಿರಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೇಡಿನ ಭಯಕ್ಕೆ ಆ ಕಾಗದವೇ ಕಾವಲು, ಯಾಕೆಂದರೆ ಅಲ್ಲಿಂದ ಮುಂದೆ ಆಗುವ ಪ್ರತಿಯೊಂದಕ್ಕೂ ಶಾಲೆ ಉತ್ತರ ಕೊಡಬೇಕಾಗುತ್ತದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿರುವ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪಾಲಕರಿಗೂ ತಿಳಿಸಿ. ಅಲ್ಲೂ ಆಗಲಿಲ್ಲ ಅಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಖಾಸಗಿ ಶಾಲೆಗೂ ಇದೇ ದಾರಿ. ಹೊಡೆದಿದ್ದರೆ ಮಾತ್ರ ಎರಡು ವಾರ ಕಾಯಬೇಡಿ, 1098 ಮಕ್ಕಳ ಸಹಾಯವಾಣಿಗೆ ಅಂದೇ ಫೋನ್ ಮಾಡಿ.

ಇವತ್ತು ರಾತ್ರಿ ಅವನ ಮುಂದೆ ಅಕ್ಕೋರನ್ನು ಬೈಯಬೇಡಿ, ನಾಳೆ ಅವನು ಅದೇ ಕ್ಲಾಸಿನಲ್ಲಿ ಕೂರಬೇಕು. ‘ನೀ ದಡ್ಡ ಅಲ್ಲಪಾ, ಅಕ್ಕೋರ ಜೋಡಿ ನಾ ಮಾತಾಡ್ತೀನಿ’ ಅಂತ ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿ.