ಮಿಂಗ್‌ಚಿ: ಸತ್ತವರಿಗೆಂದೇ ಮಾಡಿದ ಸಾಮಾನು

ಚೀನಾದ ಹಳೇ ಗೋರಿಗಳ ಉತ್ಖನನದ ಬಗ್ಗೆ ಓದುವಾಗ ‘ಮಿಂಗ್‌ಚಿ’ ಎಂಬ ಪದ ಮತ್ತೆ ಮತ್ತೆ ಸಿಗುತ್ತದೆ. ಶವದ ಜೊತೆ ಹೂಳಲೆಂದೇ ಮಾಡಿದ ವಸ್ತುಗಳಿಗೆ ಈ ಹೆಸರು. ಗೋರಿಯಲ್ಲಿ ಸಿಕ್ಕಿದ್ದೆಲ್ಲ ಮಿಂಗ್‌ಚಿ ಅಲ್ಲ. ತೀರಿಕೊಂಡವರು ಬದುಕಿದ್ದಾಗ ಬಳಸಿದ ಬಟ್ಟಲು, ಕತ್ತಿ, ಒಡವೆಗಳನ್ನೂ ಇಡುತ್ತಿದ್ದರು. ಮಿಂಗ್‌ಚಿ ಮಾತ್ರ ಬಳಕೆಗೆ ಬಾರದ ಹಾಗೆ ಬೇಕಂತಲೇ ಮಾಡಿದ್ದು.

ಬೇಕಂತಲೇ ಯಾಕೆ? ಆಚರಣೆಗಳನ್ನು ಕುರಿತ ಪ್ರಾಚೀನ ಗ್ರಂಥ ‘ಲೀಜಿ’ಯಲ್ಲಿ ಕನ್‌ಫ್ಯೂಷಿಯಸ್ ಹೇಳಿದ್ದೆನ್ನುವ ಉತ್ತರವಿದೆ. ಸತ್ತವರನ್ನು ಪೂರ್ತಿ ಸತ್ತವರೆಂದೇ ಕಂಡರೆ ಅದರಲ್ಲಿ ಪ್ರೀತಿಯಿಲ್ಲ. ಬದುಕಿದ್ದಾರೆ ಎಂಬಂತೆ ಕಂಡರೆ ವಿವೇಕವಿಲ್ಲ. ಆದ್ದರಿಂದ ತಂತಿ ಬಿಗಿದರೂ ಶ್ರುತಿ ಮಾಡದ ವಾದ್ಯ ಇಡಬೇಕು, ಗಂಟೆ ಇಟ್ಟರೂ ತೂಗುಹಾಕುವ ಚೌಕಟ್ಟು ಇಡಬಾರದು. ಅಪ್ಪ ಇನ್ನಿಲ್ಲ ಎಂದು ಮಗನಿಗೆ ಗೊತ್ತು. ಆದರೂ ಬರಿಗೈಯಲ್ಲಿ ಕಳಿಸಲು ಮನಸ್ಸು ಒಪ್ಪುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡ ಕ್ರಮ ಇದು. ದುಃಖವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಮಾತು ಅಪರೂಪ ಎಂದೇ ನನ್ನ ಭಾವನೆ.

ಅದಕ್ಕೂ ಹಿಂದಿನ ರೂಢಿ ಭಯಂಕರವಾಗಿತ್ತು. ಪ್ರಾಚೀನ ಷಾಂಗ್ ರಾಜವಂಶದ ದೊರೆಯ ರಾಣಿ ಫೂ ಹಾವ್‌ಳ ಗೋರಿ 1976ರಲ್ಲಿ ಆನ್ಯಾಂಗ್‌ನಲ್ಲಿ ಸಿಕ್ಕಿತು. ಅವಳ ಜೊತೆ 16 ಮನುಷ್ಯರನ್ನೂ 6 ನಾಯಿಗಳನ್ನೂ ಬಲಿ ಕೊಟ್ಟಿದ್ದರು. ಈ ಪದ್ಧತಿ ಒಮ್ಮೆಗೇ ನಿಲ್ಲಲಿಲ್ಲ. ಸುಮಾರು ಕ್ರಿ.ಪೂ. 433ರಲ್ಲಿ ತೀರಿಕೊಂಡ ಜಂಗ್ ರಾಜ್ಯದ ಒಡೆಯ ಯೀ ಎಂಬವನ ಗೋರಿಯಲ್ಲಿ ನಿಜಕ್ಕೂ ನುಡಿಯುವ 65 ಕಂಚಿನ ಗಂಟೆಗಳಿದ್ದವು, ಚೌಕಟ್ಟಿನ ಸಮೇತ. ಅವನ ಜೊತೆ 21 ಹೆಣ್ಣುಮಕ್ಕಳ ಶವಗಳೂ ಇದ್ದವು. ಚಿನ್ ರಾಜ್ಯ ನರಬಲಿಯನ್ನು ನಿಷೇಧಿಸಿದ್ದು ಕ್ರಿ.ಪೂ. 384ರಲ್ಲಿ.

ಮನುಷ್ಯರ ಜಾಗಕ್ಕೆ ಗೊಂಬೆಗಳು ಬಂದವು. ಲೀಜಿಯ ಪ್ರಕಾರ ಕನ್‌ಫ್ಯೂಷಿಯಸ್‌ಗೆ ಅದೂ ಹಿಡಿಸಲಿಲ್ಲ. ಹುಲ್ಲಿನ ಗೊಂಬೆ ಸರಿ, ಆದರೆ ಥೇಟ್ ಮನುಷ್ಯರಂತಿರುವ ಗೊಂಬೆ ಇಟ್ಟರೆ ಮತ್ತೆ ಮನುಷ್ಯರನ್ನೇ ಹೂಳುವ ಕಡೆಗೆ ಹೋದಂತೆ ಎಂಬ ಆತಂಕ ಅವರದು. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕ ಚಿನ್ ಚಕ್ರವರ್ತಿಯ ಮಣ್ಣಿನ ಸೈನ್ಯ ಆಳೆತ್ತರದ್ದು. ಮುಂದೆ, ಚಿನ್ ನಂತರ ಬಂದ ಹಾನ್ ರಾಜವಂಶದ ಚಕ್ರವರ್ತಿ ಜಿಂಗ್‌ನ ಸಮಾಧಿ ಯಾಂಗ್‌ಲಿಂಗ್‌ನಲ್ಲಿ ಗೊಂಬೆಗಳ ಅಳತೆ ಮೂರನೇ ಒಂದಕ್ಕೆ ಇಳಿಯಿತು. ಈಗ ನೋಡಿದರೆ ಅವು ಬೆತ್ತಲೆ, ಕೈಗಳೂ ಇಲ್ಲ. ಮೈಮೇಲಿನ ಬಟ್ಟೆ, ಮರದ ಕೈಗಳು ಮಣ್ಣಲ್ಲಿ ಕೊಳೆತು ಹೋಗಿವೆ.

ನನಗೆ ತುಂಬಾ ಇಷ್ಟವಾಗುವುದು ಹಾನ್ ಕಾಲದ ಪುಟ್ಟ ಮಾದರಿಗಳು. ಕಣಜ, ಬಾವಿ, ಒಲೆ, ಕಾವಲು ಗೋಪುರ, ಎಲ್ಲವೂ ಮಣ್ಣಿನಲ್ಲಿ. ಕೆಲವು ಒಲೆಗಳ ಮೇಲೆ ಮೀನು, ಅಡುಗೆ ಸಾಮಾನುಗಳ ಉಬ್ಬು ಚಿತ್ರಗಳಿವೆ. ಹಂದಿದೊಡ್ಡಿಯ ಮೇಲ್ಗಡೆ ಪಾಯಖಾನೆ ಕೂಡ ಇರುತ್ತದೆ, ಆಗಿನ ಹಳ್ಳಿ ಮನೆಯ ಏರ್ಪಾಡೇ ಹಾಗೆ. ಆ ಕಾಲದ ಮರದ ಕಟ್ಟಡಗಳು ಉಳಿದಿಲ್ಲ. ಮಾಡು ಹೇಗಿತ್ತು, ಮಹಡಿ ಹೇಗೆ ಕಟ್ಟುತ್ತಿದ್ದರು ಅನ್ನುವುದಕ್ಕೆ ಈ ಮಾದರಿಗಳೇ ದೊಡ್ಡ ಆಧಾರ. ಬಳಸಲು ಬಾರದ ಸಾಮಾನೇ ದಿನಬಳಕೆಯ ಬದುಕನ್ನು ಜಾಸ್ತಿ ತೋರಿಸುತ್ತದೆ, ಅಲ್ವಾ?

ಒಂದೇ ಗೋರಿಯಲ್ಲಿ ನಿಜವಾದ ಸಾಮಾನು, ಮಿಂಗ್‌ಚಿ ಎರಡೂ ಬೆರೆತಿರುವುದು ಮಾಮೂಲು. 1972ರಲ್ಲಿ ಚಾಂಗ್‌ಶಾ ಬಳಿಯ ಮಾವಾಂಗ್‌ದ್ವೇಯಲ್ಲಿ ಶಿನ್ ಜ್ವೇ ಎಂಬ ಹೆಂಗಸಿನ ಗೋರಿ ಅಗೆದರು. ಬರೀ 49 ಗ್ರಾಂ ತೂಗುವ ನಿಜವಾದ ರೇಷ್ಮೆ ನಿಲುವಂಗಿ ಅಲ್ಲಿತ್ತು. ಜೊತೆಗೆ 162 ಮರದ ಗೊಂಬೆಗಳು, ಮಣ್ಣಿನ ನಾಣ್ಯಗಳು. ಇಟ್ಟ ಸಾಮಾನಿನ ಪಟ್ಟಿ ಬಿದಿರಿನ ಸೀಳುಗಳ ಮೇಲೆ ಬರೆದಿತ್ತು. ಹಾಗಾಗಿ ಪಟ್ಟಿಗೂ ಸಾಮಾನಿಗೂ ತಾಳೆ ನೋಡಲು ಸಾಧ್ಯವಾಯಿತು.

ಮುಂದೆ ತಾಂಗ್ ರಾಜವಂಶದ ಕಾಲದಲ್ಲಿ ಮೂರು ಬಣ್ಣದ ಮೆರುಗಿನ ಕುದುರೆ, ಒಂಟೆಯ ಗೊಂಬೆಗಳು ಬಂದವು. ಆಮೇಲಿನ ಸಾಂಗ್ ರಾಜವಂಶದ ಕಾಲದಿಂದ ಕಾಗದದ ಸಾಮಾನು ಸುಡುವ ರೂಢಿ ಹೆಚ್ಚಿತು. ಇವತ್ತಿಗೂ ಚಿಂಗ್‌ಮಿಂಗ್ ಹಬ್ಬದಲ್ಲಿ ತೀರಿಕೊಂಡ ಹಿರಿಯರಿಗೆಂದು ಕಾಗದದ ಮನೆ, ಕಾರು, ಫೋನು ಸುಡುತ್ತಾರೆ.