ಫಾರಂನಲ್ಲಿ ಭಾವನಿಗೆ ಕಾಲಂ ಇಲ್ಲ

ಮೊನ್ನೆ ಇನ್ಶೂರೆನ್ಸ್ ಏಜೆಂಟರು ಮಣ್ಣಗುಡ್ಡೆಯ ನಮ್ಮ ಮನೆಗೆ ಬಂದಿದ್ದರು. ಫಾರಂ ತುಂಬಿಸುತ್ತಾ ಒಂದು ಕಾಲಂ ಬಂತು. ತಂದೆ, ತಾಯಿ, ಒಡಹುಟ್ಟಿದವರು ಇದ್ದಾರಾ? ಇಲ್ಲದಿದ್ದರೆ ಎಷ್ಟನೇ ವಯಸ್ಸಿಗೆ, ಯಾವುದರಿಂದ ತೀರಿಕೊಂಡರು? ಒಳಗೆ ಬೂತಾಯಿ ಮೀನು ಕಾಯಿಸುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ ಕೂಗಿದರು: "ನಮ್ಮದೆಲ್ಲ ಗಟ್ಟಿ ಪಿಂಡ ಮಾರಾಯ್ರೆ. ಇವನ ಅಜ್ಜ ತೊಂಬತ್ತೆರಡು ವರ್ಷ ಇದ್ದರು, ಬೀಡಿ ಸೇದಿಕೊಂಡೇ! ಇವನ ಜಾತಕದಲ್ಲೂ ಎಂಬತ್ತೈದು ಅಂತಲೇ ಉಂಟು."

ಜಾತಕದ ಸುದ್ದಿ ಬಿಡಿ. ನನಗೆ ಅದಕ್ಕಿಂತ ಜಾಸ್ತಿ ಕಿರಿಕಿರಿಯಾಗುವುದು ಆ ಬೀಡಿಯ ಮಾತು. ಅಜ್ಜನ ಜೊತೆ ಕೂತು ಸೇದಿ ಅರುವತ್ತಕ್ಕೇ ಹೋದವರ ಕತೆ ಯಾರೂ ಹೇಳುವುದಿಲ್ಲ, ಅಲ್ವಾ? ಬ್ರಿಟನ್ನಿನಲ್ಲಿ ಸಂಶೋಧಕ ರಿಚರ್ಡ್ ಡಾಲ್ ಮತ್ತು ಜೊತೆಗಾರರು 1951ರಿಂದ 50 ವರ್ಷ ಸಾವಿರಾರು ಡಾಕ್ಟರುಗಳ ಸಿಗರೇಟಿನ ಲೆಕ್ಕ ಇಟ್ಟರು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತರು. 40ಕ್ಕೆ ಬಿಟ್ಟವರಿಗೆ ಅದರಲ್ಲಿ 9 ವರ್ಷ ವಾಪಸ್ ಸಿಕ್ಕಿತು. 60ಕ್ಕೆ ಬಿಟ್ಟರೂ 3 ವರ್ಷ ಸಿಕ್ಕಿತು.

ಈ 'ಸರಾಸರಿ' ಅನ್ನುವುದೇ ದೊಡ್ಡ ತಮಾಷೆ. 1951ರ ಹೊತ್ತಿಗೆ ಭಾರತದವರ ಸರಾಸರಿ ಆಯುಷ್ಯ ಸುಮಾರು 32. ಹಾಗಾದರೆ ಆಗ ಮೂವತ್ತಕ್ಕೇ ಎಲ್ಲರೂ ಮುದುಕರಾಗುತ್ತಿದ್ದರಾ? ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಉಡುಪಿಗೆ ಹೊರಟ ಬಸ್ಸು ನೆನಪಿಸಿಕೊಳ್ಳಿ. ಅರ್ಧ ಜನ ಹೊರಟ ಸ್ವಲ್ಪದರಲ್ಲೇ ಸಿಗುವ ಕೊಟ್ಟಾರದಲ್ಲೇ ಇಳಿದರು, ಉಳಿದವರು ಸೀದಾ ಉಡುಪಿಗೆ. ಸರಾಸರಿ ತೆಗೆದರೆ ನಡುದಾರಿಯ ಮೂಲ್ಕಿಯ ಆಸುಪಾಸು ಬರುತ್ತದೆ. ಆದರೆ ಮೂಲ್ಕಿಯಲ್ಲಿ ಒಬ್ಬರೂ ಇಳಿದಿಲ್ಲ! ಕೊಟ್ಟಾರದಲ್ಲಿ ಇಳಿದವರೆಂದರೆ ಹುಟ್ಟಿದ ಸ್ವಲ್ಪ ಸಮಯದಲ್ಲೇ ಹೋಗುತ್ತಿದ್ದ ಮಕ್ಕಳು. ಮಾವಿನ ಮರದಲ್ಲೂ ಹಾಗೇ. ಗಾಳಿಗೆ ಉದುರಿದ ಮಿಡಿಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮರದಲ್ಲಿ ಹಣ್ಣೇ ಆಗುವುದಿಲ್ಲವೇನೋ ಅನಿಸಬೇಕು. ಕೊಟ್ಟಾರ ದಾಟಿದವನು ಮೂಲ್ಕಿಯನ್ನಲ್ಲ, ಅದರಾಚೆಯನ್ನೇ ನೋಡಬೇಕು. ಅಂದರೆ 60 ದಾಟಿದವರ ಮುಂದಿನ ಲೆಕ್ಕ ಬೇರೆ, ಆಗಷ್ಟೇ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಯಾವ ವಯಸ್ಸಿಗೆ ಎಷ್ಟು ಜನ ಉಳಿದಿರುತ್ತಾರೆ ಅನ್ನುವ ಇಂಥ ಕೋಷ್ಟಕವನ್ನು 1693ರಲ್ಲೇ ಬ್ರೆಸ್ಲಾವ್ ಎಂಬ ಊರಿನ ಜನನ-ಮರಣದ ಪಟ್ಟಿ ಹಿಡಿದು ಮಾಡಿದವರು ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಅದೇ ಹ್ಯಾಲಿ. ಆಕಾಶ ನೋಡಿ ಆಯುಷ್ಯ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆಕಾಶವನ್ನೇ ಓದಿದ ಆ ಮನುಷ್ಯ ಆಯುಷ್ಯಕ್ಕೆ ಮಾತ್ರ ರಿಜಿಸ್ಟರ್ ನೋಡಿದರು!

ಇನ್ನು ಗಟ್ಟಿ ಪಿಂಡದ ವಿಷಯ. 1996ರಲ್ಲಿ ಡೆನ್ಮಾರ್ಕಿನ ಅವಳಿಗಳನ್ನು ಹೋಲಿಸಿ ನೋಡಿದವರು, ಆಯುಷ್ಯದ ಏರುಪೇರಿನಲ್ಲಿ ವಂಶದ ಪಾಲು ಸುಮಾರು ಕಾಲುಭಾಗ ಅಂದರು. ಮಜಾ ಬಂದದ್ದು 2018ರಲ್ಲಿ. 40 ಕೋಟಿಗೂ ಹೆಚ್ಚು ಜನರ ವಂಶವೃಕ್ಷ ಕೆದಕಿದಾಗ ಭಾವ-ಮೈದುನರ ಆಯುಷ್ಯವೂ ಒಂದಕ್ಕೊಂದು ಹೋಲುತ್ತಿತ್ತು. ರಕ್ತ ಬೇರೆ, ಮನೆ ಬೇರೆ, ಆದರೂ! ಯಾಕೆ? ಜನ ತಮ್ಮಂಥವರನ್ನೇ ನೋಡಿ ಮದುವೆಯಾಗುತ್ತಾರೆ. ನಮ್ಮಲ್ಲಿ ಸಂಬಂಧ ನೋಡುವಾಗ ಏನೆಲ್ಲ ವಿಚಾರಿಸುತ್ತಾರೆ? ಓದು, ಆಸ್ತಿ, ಕುಡಿತ ಉಂಟಾ, ಬೊಂಬಾಯಿಯಲ್ಲಿ ಹೋಟೆಲ್ ಉಂಟಾ. ಆಯುಷ್ಯವನ್ನು ಹಿಗ್ಗಿಸುವುದರಲ್ಲೂ ಕುಗ್ಗಿಸುವುದರಲ್ಲೂ ಇಂಥವುಗಳ ಕೈ ಉಂಟು. ತಮ್ಮಂಥವರನ್ನೇ ಮದುವೆಯಾಗುವ ಈ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೆ ವಂಶದ ಪಾಲು ನೂರಕ್ಕೆ 10ಕ್ಕಿಂತ ಕಡಿಮೆ ಉಳಿಯಿತು. ಏಜೆಂಟರ ಫಾರಂನಲ್ಲಿ ಭಾವನಿಗೂ ಒಂದು ಕಾಲಂ ಇರಬೇಕಿತ್ತು.

ಹಾಗಂತ ತಂದೆ, ತಾಯಿ, ಒಡಹುಟ್ಟಿದವರ ಆ ಕಾಲಂ ಸುಮ್ನೆ ಅಲ್ಲ. ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಡಾಕ್ಟರುಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅಜ್ಜನ ತೊಂಬತ್ತೆರಡು ಅದನ್ನು ಅಳಿಸುವುದಿಲ್ಲ.

ನಾನು "ತಂದೆ, 53, ಹಾರ್ಟ್ ಅಟ್ಯಾಕ್" ಎಂದೆ. ಒಳಗಿನಿಂದ ಮಾತಿಲ್ಲ, ಕಾವಲಿಯ ಚುರ್ ಸದ್ದು ಮಾತ್ರ. ಏಜೆಂಟರು ಬರೆದುಕೊಂಡು, "ನಿಮ್ಮ ಬಿಪಿ ಎಷ್ಟುಂಟು?" ಎಂದು ಕೇಳಿದರು.

ನೋಡಿಸದೆ ಮೂರು ವರ್ಷ ಆಗಿತ್ತು.