ಪತ್ರಿಕಿ ಬಂದದ, ಹೇಳಿಕಿ ಬಂದಿಲ್ಲ

ಕಲಬುರಗಿ ಕಡೆ ಮದುವೆಯ ಪತ್ರಿಕೆ ಮನೆಗೆ ಬಂದು ಬಿದ್ದರಷ್ಟೇ ಸಾಲದು. ಆ ಮನೆಯವರು ಯಾರಾದರೂ ಬಂದು, ‘ಎಲ್ಲಾರೂ ಬರ್ರಿ’ ಎಂದು ಬಾಯಿಬಿಟ್ಟು ಕರೆಯಬೇಕು. ಅದಕ್ಕೆ ಹೇಳಿಕಿ ಎನ್ನುತ್ತೇವೆ. ಅಣ್ಣತಮ್ಮಕಿಯ ಒಂದು ಮದುವೆಗೆ ನಮ್ಮ ಕಾಕಾ ಹೋಗಲೇ ಇಲ್ಲ. ‘ಪತ್ರಿಕಿ ಬಂದದ, ಹೇಳಿಕಿ ಬಂದಿಲ್ಲ’ ಎಂದು ಕೂತುಬಿಟ್ಟರು. ಎರಡು ವರ್ಷದ ಮೇಲೆ ಅದೇ ಮನೆಯವರು ಪತ್ರಿಕೆ ಹಿಡಿದು ಬಂದು ಕೈಮುಗಿದು ಕರೆದರೂ ಜಗ್ಗಲಿಲ್ಲ.

ನಮ್ಮ ಮೈಯೊಳಗೆ ರೋಗಾಣುಗಳ ಜೊತೆ ಕಾದಾಡುವ ಟಿ ಕೋಶ ಎಂಬ ಬಿಳಿ ರಕ್ತಕಣ ಥೇಟ್ ಕಾಕಾನ ಹಾಗೆ. ಡೆಂಡ್ರೈಟಿಕ್ ಕೋಶ ಎಂಬ ಓಡಾಟದ ಕೋಶವೊಂದು ಕರುಳಿನ ಗೋಡೆಯಲ್ಲಿ ಸಿಕ್ಕ ಪ್ರೋಟೀನಿನ ಚೂರನ್ನು ಹೊತ್ತು ಟಿ ಕೋಶಗಳು ಸೇರುವ ಹತ್ತಿರದ ದುಗ್ಧಗ್ರಂಥಿಗೆ ಹೋಗಿ ತೋರಿಸುತ್ತದೆ. ತನಗೆ ಹೊಂದುವ ಚೂರು ಕಂಡರೆ ಟಿ ಕೋಶಕ್ಕೆ ಪತ್ರಿಕೆ ತಲುಪಿದಂತೆ. ಆದರೆ ಡೆಂಡ್ರೈಟಿಕ್ ಕೋಶದ ಮೈಮೇಲೆ ಸಿಡಿ80, ಸಿಡಿ86 ಎಂಬ ಅಣುಗಳೂ ಇದ್ದು, ಅವು ಟಿ ಕೋಶದ ಮೇಲಿನ ಸಿಡಿ28 ಎಂಬ ಅಣುವಿಗೆ ಕೂಡಿಕೊಂಡಾಗಲೇ ಅದು ಎದ್ದು ಹೊರಡುವುದು. ಈ ಸಹಪ್ರಚೋದಕ ಅಣುಗಳೇ ಹೇಳಿಕಿ. ಪತ್ರಿಕೆ ಮಾತ್ರ ಬಂದು ಹೇಳಿಕಿ ಬರದಿದ್ದರೆ ಟಿ ಕೋಶ ಜಡವಾಗುತ್ತದೆ. ಆಮೇಲೆ ಎರಡೂ ಒಟ್ಟಿಗೆ ಬಂದರೂ ಏಳುವುದು ಕಷ್ಟ. ಇದಕ್ಕೆ ಅನರ್ಜಿ ಎಂದು ಹೆಸರು.

ಇಷ್ಟೊಂದು ಬಿಗುಮಾನ ಯಾಕೆ ಬೇಕು? ಉತ್ತರ ಕರುಳಿನಲ್ಲೇ ಇದೆ. 2019ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ತೊಗರಿಬೇಳೆ ಊರಿಗೆ ಹೆಮ್ಮೆ ಇರಬಹುದು, ಕರುಳಿಗೆ ಮಾತ್ರ ಅದು ಪರಕೀಯ ಪ್ರೋಟೀನು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಎಲ್ಲವೂ ಪರಕೀಯವೇ. ಜೊತೆಗೆ, 2016ರ ಒಂದು ಲೆಕ್ಕದಂತೆ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ. ಬಹುಪಾಲು ದೊಡ್ಡ ಕರುಳಿನಲ್ಲೇ. ಪತ್ರಿಕೆ ಕಂಡಾಗಲೆಲ್ಲ ಟಿ ಕೋಶಗಳು ಹೊರಟರೆ ದಿನಾ ಎರಡು ಹೊತ್ತು ಹೊಟ್ಟೆಯಲ್ಲಿ ಯುದ್ಧ. ಅದಕ್ಕೇ ನೆಮ್ಮದಿಯ ದಿನಗಳಲ್ಲಿ ಕರುಳಿನ ಡೆಂಡ್ರೈಟಿಕ್ ಕೋಶಗಳು ಚೂರು ತೋರಿಸುತ್ತವೆ, ಹೇಳಿಕಿಯಲ್ಲಿ ಕೈ ಬಿಗಿಹಿಡಿಯುತ್ತವೆ. ಅಷ್ಟೇ ಅಲ್ಲ, ಅವುಗಳಲ್ಲಿ ಕೆಲವು ವಿಟಮಿನ್ ಎ ಯಿಂದ ರೆಟಿನಾಯಿಕ್ ಆಮ್ಲ ತಯಾರಿಸಿ, ಹೊಸ ಟಿ ಕೋಶಗಳನ್ನು ಜಗಳ ಬಿಡಿಸುವ ನಿಯಂತ್ರಕ ಕೋಶಗಳಾಗಿ ತಿರುಗಿಸಲು ನೆರವಾಗುತ್ತವೆ. ಟೈಫಾಯ್ಡಿನಂಥ ರೋಗಾಣು ಗೋಡೆ ದಾಟಿ ನುಗ್ಗಿದರೆ ಮಾತು ಬೇರೆ. ಆಗ ಸಿಡಿ80, ಸಿಡಿ86 ದಂಡಿಯಾಗಿ ಮೇಲೇಳುತ್ತವೆ.

ಎದ್ದು ಹೊರಟವರನ್ನು ಕೂರಿಸುವ ವ್ಯವಸ್ಥೆಯೂ ಬೇಕಲ್ಲ. ಪ್ರಚೋದನೆಗೊಂಡ ಟಿ ಕೋಶದ ಮೇಲೆ ಸಿಟಿಎಲ್‌ಎ-4 ಎಂಬ ಇನ್ನೊಂದು ಅಣು ಬರುತ್ತದೆ. ಅದು ಸಿಡಿ28ಕ್ಕಿಂತ ಬಿಗಿಯಾಗಿ ಸಿಡಿ80, ಸಿಡಿ86ನ್ನು ಹಿಡಿದು ಹೇಳಿಕಿಯನ್ನು ನಡುದಾರಿಯಲ್ಲೇ ಕಸಿಯುತ್ತದೆ. ನಿಯಂತ್ರಕ ಕೋಶಗಳ ಬಳಿಯಂತೂ ಇದು ಯಾವಾಗಲೂ ಇರುತ್ತದೆ. ಈ ಅಣುವೇ ಇಲ್ಲದ ಇಲಿಮರಿಗಳು ಮೂರು-ನಾಲ್ಕು ವಾರಕ್ಕೆ ಸಾಯುತ್ತವೆ ಎಂದು 1995ರಲ್ಲಿ ಗೊತ್ತಾಯಿತು. ಈ ತಡೆಯನ್ನು ತೆಗೆದರೆ ಟಿ ಕೋಶಗಳು ಕ್ಯಾನ್ಸರಿನ ಮೇಲೆ ಬೀಳುತ್ತವೆ ಎಂದು ತೋರಿಸಿದ ವಿಜ್ಞಾನಿ ಜೇಮ್ಸ್ ಆಲಿಸನ್ 2018ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಆ ದಾರಿಯಲ್ಲಿ ಬಂದ ಇಪಿಲಿಮುಮಾಬ್ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಪಡೆದ ಹಲವರಿಗೆ ಭೇದಿ, ಕೆಲವರಿಗೆ ಕರುಳಿನ ಉರಿಯೂತ. ತಡೆ ತೆಗೆದಾಗ ಮೊದಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಕರುಳೂ ಒಂದು ಎಂಬುದೇ, ಆ ಶಾಂತಿ ಎಷ್ಟು ದುಡಿದು ಉಳಿಸಿಕೊಂಡದ್ದು ಎಂದು ಹೇಳುತ್ತದೆ.

ಹಾಗಾದರೆ ಕರುಳಿನ ಉರಿಯೂತಕ್ಕೆ ಹೇಳಿಕಿಯನ್ನೇ ನಿಲ್ಲಿಸಿದರಾಯಿತಲ್ಲ? ನನಗೂ ಹಾಗೇ ಅನ್ನಿಸಿತ್ತು. ಹೇಳಿಕಿ ತಡೆಯುವ ಅಬಾಟಾಸೆಪ್ಟ್ ಎಂಬ ಔಷಧ ಸಂಧಿವಾತಕ್ಕೆ 2005ರಿಂದ ಬಳಕೆಯಲ್ಲಿದೆ. ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳೆರಡರಲ್ಲೂ ಅದನ್ನು ಪ್ರಯೋಗಿಸಿ ನೋಡಿದರು, ಗುಣ ಕಾಣಲಿಲ್ಲ. ನಿಯಂತ್ರಕ ಕೋಶಗಳು ಬೆಳೆದು ಬಾಳಲೂ ಸಿಡಿ28ರ ಹೇಳಿಕಿ ಬೇಕು. ಅದು ನಿಂತರೆ ಜಗಳ ಬಿಡಿಸುವವರೂ ಮನೆಯಲ್ಲೇ ಉಳಿಯುತ್ತಾರೆ. ಇತ್ತ ಹಿಂದೊಮ್ಮೆ ಕಾದಾಡಿ ಬಂದ ನೆನಪಿನ ಟಿ ಕೋಶಗಳಿಗೆ ಹೇಳಿಕಿಯ ಹಂಗು ಕಡಿಮೆ. ಬರೀ ಪತ್ರಿಕೆ ಕಂಡರೂ ಅವು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತವೆ.